ಅಡಿಗೆಯ ಮನೆಯಲ್ಲಿ ಮರವೂ ನೀರೂ



ಈ ಸಂಜೆ ನಾವು ಎತ್ತಿಕೊಂಡಿರುವ ವಿಷಯವು ದೊಡ್ಡದೇನೂ ಅಲ್ಲ. ಸಟ್ಟುಗ, ಸೌಟಿನ ಹಿಡಿ, ಲಟ್ಟಣಿಗೆ, ತರಕಾರಿ ಹೆಚ್ಚುವ ಮಣೆ, ಕಡಗೋಲು, ಮುದ್ದೆಯ ಕೋಲು, ಮರಿಗೆ ಮೊದಲಾದ ಮರದ ಸಾಮಾನುಗಳು ಅಡಿಗೆಯ ಮನೆಯಲ್ಲಿ ದಿನಕ್ಕೆ ನಾಲ್ಕಾರು ಬಾರಿ ನೀರಿನಲ್ಲಿ ಮೀಯುವುವು. ಅವುಗಳಿಗೆ ಯಾವ ಮರ ಯೋಗ್ಯವಾದದ್ದು, ಅವುಗಳ ಮೈಗೆ ಯಾವ ಲೇಪವನ್ನು ಕೊಡಬೇಕು ಎಂಬಿಷ್ಟೇ ನಮ್ಮ ಪ್ರಶ್ನೆ. ಘನವಾದ ವಿಷಯಗಳನ್ನು ಕೇಳಿ ಅಭ್ಯಾಸವಾದ ಕಿವಿಗಳಿಗೆ ಇದು ಬಡಗಿಯ ಮಾತಾಗಿ ತೋರಬಹುದು. ಆದರೆ ಈ ಸಣ್ಣ ವಿಷಯದಲ್ಲಿ ನಾವು ಒಮ್ಮೆ ದೊಡ್ಡ ತಪ್ಪನ್ನು ಮಾಡಿದೆವು. ಆ ತಪ್ಪಿಗೆ ದಂಡವಾಗಿ ಮನೆಯ ಹಳೆಯ ವಸ್ತುವೊಂದನ್ನು ಕಳೆದುಕೊಂಡೆವು. ಅದನ್ನು ಮೊದಲು ಹೇಳಿ, ಬಳಿಕ ಶಾಸ್ತ್ರಕ್ಕೆ ಬರುವೆವು.

ನಮ್ಮ ತಾಯಿಯವರು ಮಲೆನಾಡಿನವರು. ಅವರು ಮದುವೆಯಾಗಿ ಬರುವಾಗ ತವರಿನಿಂದ ತಂದ ಸಾಮಾನುಗಳಲ್ಲಿ ಹಲಸಿನ ಮರದ ಮರಿಗೆಯೊಂದಿತ್ತು. ಮರಿಗೆಯನ್ನು ಕಾಣದ ಪಟ್ಟಣವಾಸಿಗಳಿಗಾಗಿ ಹೇಳುವುದಾದರೆ, ಅದು ಒಂದೇ ಮರದ ತುಂಡನ್ನು ಕೊರೆದು ಮಾಡಿದ, ಅಗಲವಾದ ಬಾಯುಳ್ಳ ಪಾತ್ರೆ. ಅಕ್ಕಿ ತೊಳೆಯುವುದಕ್ಕೂ, ಹಿಟ್ಟು ನಾದುವುದಕ್ಕೂ, ಮಾವಿನ ಮಿಡಿಗೆ ಉಪ್ಪು ಬೆರೆಸುವುದಕ್ಕೂ ಅದೇ ಒದಗುತ್ತಿತ್ತು. ಸುಮಾರು ಐವತ್ತು ವರ್ಷಗಳ ಕಾಲ ಅದು ದಿನವೂ ನೀರನ್ನು ಕಂಡಿತ್ತು. ಆದರೂ ಒಂದು ಬಿರುಕನ್ನೂ ಬಿಟ್ಟಿರಲಿಲ್ಲ. ಕೈಲಾಗದ ವಯಸ್ಸಿನಲ್ಲಿ ತಾಯಿಯವರು ಅದನ್ನು ನಮ್ಮ ಪಟ್ಟಣದ ಮನೆಗೆ ಕಳುಹಿಸಿಕೊಟ್ಟರು.

ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಒಂದು ದೌರ್ಬಲ್ಯವುಂಟು. ಅಚ್ಚಾದ ಮಾತನ್ನು ನಾವು ಬೇಗ ನಂಬಿಬಿಡುವೆವು. ಮರಿಗೆಯ ಮೈ ಕಪ್ಪಾಗಿ ಕಾಂತಿಗುಂದಿದ್ದುದನ್ನು ಕಂಡು, ಅದನ್ನು ನೀರಿನಿಂದ ರಕ್ಷಿಸುವುದು ನಮ್ಮ ಕರ್ತವ್ಯವೆಂದು ಬಗೆದೆವು. ಅಂಗಡಿಯಿಂದ ಮೆರುಗೆಣ್ಣೆಯ ಡಬ್ಬಿಯೊಂದನ್ನು ತಂದೆವು. ನೀರು ತಟ್ಟದೆಂದು ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಬಡಗಿಯನ್ನು ಕರೆಸಿ, ಹಳೆಯ ಕಪ್ಪನ್ನು ಹೆರೆಯಿಸಿ, ಒಳಗೂ ಹೊರಗೂ ಮೂರು ಬಾರಿ ಬಳಿಸಿದೆವು. ಮರಿಗೆಯು ಕನ್ನಡಿಯಂತೆ ಹೊಳೆಯಿತು. ಮನೆಗೆ ಬಂದವರೆಲ್ಲರೂ ಮೆಚ್ಚಿದರು. ಮೊದಲನೆಯ ಮಳೆಗಾಲದಲ್ಲಿ ಅದರ ಒಳತಳದಲ್ಲಿ ಕೂದಲೆಳೆಯಂಥ ಗೆರೆಗಳು ಮೂಡಿದುವು. ಎರಡನೆಯ ಮಳೆಗಾಲದಲ್ಲಿ ಮೆರುಗಿನ ಪೊರೆಯು ಅಲ್ಲಲ್ಲಿ ಬೊಬ್ಬೆಯೆದ್ದು, ಅದರಡಿಯಲ್ಲಿ ಕಪ್ಪು ಹರಡಿತು. ಮೂರನೆಯದು ಕಳೆಯುವಷ್ಟರಲ್ಲಿ ತಳದ ಒಂದು ಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಒಳಕ್ಕೆ ಇಳಿಯುವಂತಾಯಿತು. ಆ ವರ್ಷ ಬಂದಿದ್ದ ತಾಯಿಯವರು ಅದನ್ನು ತಿರುಗಿಸಿ ನೋಡಿ, ಒಂದೇ ಮಾತನ್ನು ಕೇಳಿದರು: “ರಾತ್ರಿ ಇದನ್ನು ಬೋರಲು ಹಾಕುತ್ತಿದ್ದಿರಾ?”

ಹಾಕುತ್ತಿರಲಿಲ್ಲ. ಮೆರುಗೆಣ್ಣೆಯು ಕಾಯುವುದೆಂಬ ಭರವಸೆಯಿಂದ ನಾವು ಅದನ್ನು ಬಚ್ಚಲ ಮೂಲೆಯ ತೇವದ ನೆಲದ ಮೇಲೆ ಹಾಗೆಯೇ ಬಿಡುತ್ತಿದ್ದೆವು. ಐವತ್ತು ವರ್ಷ ಯಾವ ಮೆರುಗೂ ಇಲ್ಲದೆ ಉಳಿದುದು ಮೂರು ವರ್ಷಗಳ ರಕ್ಷಣೆಯಿಂದ ಹಾಳಾದುದು ಹೇಗೆ? ಆ ಮೇಲೆ ನಾವು ಓದಿದುದೂ, ಬಡಗಿಗಳನ್ನು ವಿಚಾರಿಸಿದುದೂ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದಕ್ಕಾಗಿಯೇ.

ಮರವೆಂಬುದು ಸೂಕ್ಷ್ಮದರ್ಶಕದ ಕೆಳಗೆ ಒಂದು ಹುಲ್ಲುಕಡ್ಡಿಯ ಕಟ್ಟಿನಂತೆ ಕಾಣುವುದು. ಬೇರಿನಿಂದ ಎಲೆಗೆ ನೀರನ್ನು ಒಯ್ಯುವುದಕ್ಕಾಗಿ ಪ್ರಕೃತಿಯು ರಚಿಸಿದ ಸಹಸ್ರಾರು ನಾಳಗಳು ಅದರಲ್ಲಿ ಉದ್ದುದ್ದವಾಗಿ ಹಬ್ಬಿರುವುವು. ಮರವನ್ನು ಕಡಿದರೂ ನಾಳಗಳು ತಮ್ಮ ಧರ್ಮವನ್ನು ಬಿಡುವುದಿಲ್ಲ. ಹಲಗೆಯ ಅಗಲವಾದ ಮುಖಕ್ಕಿಂತ ಅದರ ಕೊಯ್ದ ತುದಿಗಳು ಬಹು ಬೇಗ ನೀರನ್ನು ಹೀರುವುದಕ್ಕೆ ಇದೇ ಕಾರಣ. ಸಟ್ಟುಗವು ಮೊದಲು ಕಪ್ಪಾಗುವುದು ತುದಿಯಲ್ಲಿ. ಮಣೆಯು ಮೊದಲು ಸೀಳುವುದು ಕೊನೆಯಲ್ಲಿ.

ಒಳಗೆ ಬಂದ ನೀರು ಎರಡು ಕಡೆ ನೆಲೆಸುವುದು. ಮೊದಲು ನಾಳಗಳ ಗೋಡೆಗಳು ಅದನ್ನು ಹೀರಿಕೊಳ್ಳುವುವು. ಗೋಡೆಗಳು ತಣಿದ ಮೇಲೆ ಉಳಿದ ನೀರು ನಾಳಗಳ ಪೊಳ್ಳಿನಲ್ಲಿ ನಿಲ್ಲುವುದು. ಒಣಮರದ ತೂಕದ ಶೇಕಡಾ 25ರಿಂದ 30ರಷ್ಟು ನೀರು ಸೇರುವ ವೇಳೆಗೆ ಗೋಡೆಗಳು ತಣಿಯುವುವು. ಮರವು ಹಿಗ್ಗುವುದೂ ಕುಗ್ಗುವುದೂ ಈ ಮಟ್ಟದ ಕೆಳಗೆ ಮಾತ್ರ. ಆ ಹಿಗ್ಗಾದರೂ ಎಲ್ಲ ದಿಕ್ಕಿಗೂ ಒಂದೇ ಸಮನಾಗಿರುವುದಿಲ್ಲ. ಉದ್ದಕ್ಕೆ ಅದು ಇಲ್ಲವೆಂದೇ ಹೇಳಬೇಕು. ಅಡ್ಡಲಾಗಿ, ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ. ವರ್ಷವಲಯಗಳ ಗುಂಟ ಅದರ ಸುಮಾರು ಇಮ್ಮಡಿ. ಬಹಳ ಕಡಿಮೆ ಕುಗ್ಗುವ ಮರವೆಂದು ಹೆಸರಾದ ತೇಗವೂ ಹಸಿಯ ಸ್ಥಿತಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಒಂದು ದಿಕ್ಕಿಗೆ ಶೇಕಡಾ ಎರಡೂವರೆಯಷ್ಟೂ, ಮತ್ತೊಂದು ದಿಕ್ಕಿಗೆ ಆರರ ಹತ್ತಿರವೂ ಕುಗ್ಗುವುದು. ಹತ್ತು ಅಂಗುಲ ಅಗಲದ ಹಲಗೆಯು ಚೆನ್ನಾಗಿ ನೆನೆದು ಮತ್ತೆ ಒಣಗಿದರೆ, ಅದು ಕೊಯ್ದ ಬಗೆಯನ್ನು ಅನುಸರಿಸಿ, ಕಾಲಂಗುಲಕ್ಕಿಂತ ಹೆಚ್ಚು ಆಚೀಚೆಯಾಗಬಹುದು. ಮಣೆಯೊಂದನ್ನು ತೊಳೆದು ಒದ್ದೆಯ ಕಟ್ಟೆಯ ಮೇಲೆ ಅಂಗಾತ ಮಲಗಿಸಿದರೆ ಏನಾಗುವುದೆಂಬುದನ್ನು ಈಗ ಊಹಿಸಬಹುದು. ಮೇಲ್ಮೈ ಒಣಗಿ ಕುಗ್ಗುತ್ತಿರುವಾಗಲೇ ಕೆಳಮೈ ತೇವದಿಂದ ಹಿಗ್ಗುತ್ತಿರುವುದು. ಕೆಲವು ತಿಂಗಳಲ್ಲಿ ಅದು ತಟ್ಟೆಯಂತೆ ಬಾಗಿ, ಹೆಚ್ಚುವಾಗ ತೊಟ್ಟಿಲಿನಂತೆ ತೂಗುವುದು.

ಬಾಗುವುದೂ ಬಿರಿಯುವುದೂ ಒಂದು ಕೇಡು, ಕೊಳೆಯುವುದು ಇನ್ನೊಂದು. ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರವೆಂಬ ಜೀವ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮರದಲ್ಲಿ ತೇವವು ಶೇಕಡಾ 20ಕ್ಕಿಂತ ಕಡಿಮೆಯಾಗಿದ್ದರೆ ಅದು ಬೆಳೆಯಲಾರದು. ಮರವು ನೀರಿನಲ್ಲಿ ಪೂರ್ತಿ ಮುಳುಗಿ ಗಾಳಿಗೆ ಎಡೆಯಿಲ್ಲದಿದ್ದರೂ ಬೆಳೆಯಲಾರದು. ಮಲೆಯಾಳ ದೇಶದಲ್ಲಿ ಬಾವಿಯ ತಳಕ್ಕೆ ನೆಲ್ಲಿಮರದ ಹಲಗೆಗಳ ಚೌಕಟ್ಟನ್ನು ಇಳಿಸುವ ಹಳೆಯ ಪದ್ಧತಿಯುಂಟು. ಸದಾ ನೀರಿನಲ್ಲಿರುವ ಆ ಹಲಗೆಗಳು ಬಹುಕಾಲ ಬಾಳುವುವು. ಒಣಗಿದ ಅಟ್ಟದ ತೊಲೆಯೂ ಬಾಳುವುದು. ಬೇಲಿಯ ಗೂಟವು ಮಾತ್ರ ನೆಲಮಟ್ಟದಲ್ಲಿ, ತೇವವೂ ಗಾಳಿಯೂ ಕೂಡುವೆಡೆಯಲ್ಲಿ, ಮೊದಲು ಕೊಳೆಯುವುದು. ಅಡಿಗೆಯ ಮನೆಯ ಸಾಮಾನಿಗೆ ಬರುವ ಅಪಾಯವು ಈ ನಡುವಣ ಸ್ಥಿತಿಯದು. ಅದು ಬಾವಿಯ ಹಲಗೆಯಂತೆ ಸದಾ ಮುಳುಗಿರುವುದೂ ಇಲ್ಲ, ಅಟ್ಟದ ತೊಲೆಯಂತೆ ಸದಾ ಒಣಗಿರುವುದೂ ಇಲ್ಲ. ನಮ್ಮ ಕೈಯಲ್ಲಿರುವುದು ಒಂದೇ: ನೆನೆದುದು ಬೇಗ ಆರುವಂತೆ ಮಾಡುವುದು. ಮರದ ಆಯ್ಕೆ, ಲೇಪದ ಆಯ್ಕೆ, ಇಡುವ ಬಗೆ, ಮೂರನ್ನೂ ಈ ಒಂದು ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಮರದ ಆಯ್ಕೆಗೆ ಬರೋಣ. ಯಾವ ಜಾತಿಯ ಮರವೆಂದು ಕೇಳುವುದಕ್ಕೆ ಮೊದಲು, ಮರದ ಯಾವ ಭಾಗವೆಂದು ಕೇಳಬೇಕು. ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಒಳಗೆ ಬಣ್ಣವೇರಿದ ಚೇಗೂ, ಹೊರಗೆ ತೊಗಟೆಯ ಬಳಿಯಲ್ಲಿ ಬೆಳ್ಳನೆಯ ಹೊರಮರವೂ ಕಾಣುವುವು. ಚೇಗಿನಲ್ಲಿ ಮರವು ತನ್ನ ರಕ್ಷಣೆಗೆಂದು ಕೂಡಿಟ್ಟ ಕಹಿ, ಒಗರು, ಎಣ್ಣೆ, ಬಣ್ಣಗಳಿರುವುವು. ಹುಳುವೂ ಶಿಲೀಂಧ್ರವೂ ಅವಕ್ಕೆ ಹೆದರುವುವು. ಹೊರಮರದಲ್ಲಿ ಅವಿಲ್ಲ; ಬದಲಾಗಿ ಹುಳುವಿಗೆ ಪ್ರಿಯವಾದ ಪಿಷ್ಟವುಂಟು. ತೇಗವಾದರೂ ಅದರ ಹೊರಮರವು ಬಾಳುವುದಿಲ್ಲ. ನಮ್ಮ ಮರಿಗೆಯಲ್ಲಿ ಬೆರಳಿಳಿದ ಮಗ್ಗುಲನ್ನು ಒಡೆದು ನೋಡಿದಾಗ, ಹಳದಿಯ ಚೇಗಿನ ಅಂಚಿನಲ್ಲಿ ಎರಡು ಬೆರಳಗಲದ ಹೊರಮರವು ಸೇರಿಕೊಂಡಿದ್ದುದು ಕಂಡಿತು. ಐವತ್ತು ವರ್ಷ ಅದನ್ನು ಕಾದುದು ಪ್ರತಿ ರಾತ್ರಿಯ ಒಣಗುವಿಕೆ. ಅದು ತಪ್ಪಿದೊಡನೆ ಬಲಹೀನವಾದ ಮಗ್ಗುಲು ಮೊದಲು ಸೋತಿತು.

ಮರಗಳ ಬಾಳಿಕೆಯನ್ನು ಊಹೆಯಿಂದ ಹೇಳಬೇಕಾದುದಿಲ್ಲ. ಮರದ ತುಂಡುಗಳನ್ನು ಅರ್ಧ ನೆಲದಲ್ಲಿ ಹೂತು, ಎಷ್ಟು ತಿಂಗಳಲ್ಲಿ ಕೊಳೆಯುವುವೆಂದು ಲೆಕ್ಕವಿಡುವ ಪರೀಕ್ಷೆಯನ್ನು ನಮ್ಮ ದೇಶದ ಅರಣ್ಯ ಸಂಶೋಧಕರು ಬಹುಕಾಲ ನಡೆಸಿದ್ದಾರೆ. 120 ತಿಂಗಳನ್ನು ದಾಟುವ ಮರ ಮೊದಲನೆಯ ದರ್ಜೆಯದು. 60ರಿಂದ 120 ತಿಂಗಳು ಬಾಳುವುದು ಎರಡನೆಯದು. 60ಕ್ಕಿಂತ ಕಡಿಮೆಯಾದುದು ಮೂರನೆಯದು. ತೇಗವು ಮೊದಲನೆಯ ದರ್ಜೆಯಲ್ಲಿಯೂ, ಮಾವು ಮೂರನೆಯದರಲ್ಲಿಯೂ ಬರುವುವು. ಇಂಥ ವಿದ್ಯೆಯು ನಮಗೆ ದೂರದ್ದೂ ಅಲ್ಲ. 1938ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ತೆರೆದ ಅರಣ್ಯ ಸಂಶೋಧನಾ ಪ್ರಯೋಗಶಾಲೆಯು ಬೆಳೆದು, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.

ತೇಗಕ್ಕೆ ನೀರಿನ ವಿಷಯದಲ್ಲಿ ಸಮನಾದ ಮರ ವಿರಳ. 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆಯು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಎಂಬಲ್ಲಿ ನೀರಿನ ಮೇಲೆ ತೇಲುತ್ತಿದೆ. ತೇಗದ ಮೈಯಲ್ಲಿ ಸಹಜವಾದ ಎಣ್ಣೆಯುಂಟು. ಆದರೆ ಅದರಲ್ಲಿ ಮರಳಿನ ಜಾತಿಯ ಸಿಲಿಕಾ ಎಂಬ ಪದಾರ್ಥವೂ ಇರುವುದರಿಂದ ಚಾಕುವಿನ ಅಲಗು ಬೇಗ ಮೊಂಡಾಗುವುದು. ಹೆಚ್ಚುವ ಮಣೆಗೆ ತೇಗವನ್ನು ತಂದವರು ಚಾಕುವನ್ನು ಆಗಾಗ್ಗೆ ಮಸೆಯಬೇಕಾಗುವುದು. ಹಲಸಿನ ಚೇಗು ಗೃಹಕೃತ್ಯಕ್ಕೆ ಬಹಳ ಒಳ್ಳೆಯದು. ಗೆದ್ದಲು ಅದರ ತಂಟೆಗೆ ಸುಲಭವಾಗಿ ಬಾರದು. ಹೊಸದರಲ್ಲಿ ಅದು ನೀರಿಗೆ ಹಳದಿಯ ಬಣ್ಣವನ್ನು ಬಿಡುವುದು. ಇದು ದೋಷವಲ್ಲ; ಬೌದ್ಧ ಭಿಕ್ಷುಗಳು ತಮ್ಮ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದುದು ಇದೇ ಚೇಗಿನಿಂದ. ಕೆಲವು ಬಾರಿ ನೆನೆಸಿ ತೊಳೆದರೆ ಬಣ್ಣ ನಿಲ್ಲುವುದು. ಹುಣಿಸೆಯ ಮರವು ಗಟ್ಟಿಯಾಗಿ, ಎಳೆಗಳು ಹೆಣೆದುಕೊಂಡು, ಏಟಿಗೆ ಸೀಳದೆ ನಿಲ್ಲುವುದರಿಂದ ಮಾಂಸ ಕಡಿಯುವ ಕೊರಡಿಗೆ ಅದನ್ನೇ ಬಳಸುವರು. ಬೇವಿನ ಸಟ್ಟುಗಗಳು ಈಗ ಪೇಟೆಯಲ್ಲಿ ಹೇರಳ. ಮೊದಲ ಕೆಲವು ದಿನಗಳ ಕಹಿಯನ್ನು ಸಹಿಸಿದರೆ ಬಳಿಕ ತೊಂದರೆಯಿಲ್ಲ.

ಇನ್ನು ಬೇಡವಾದುವುಗಳು. ಮಾವಿನ ಹಲಗೆ ಅಗ್ಗ, ಅಂದವಾಗಿಯೂ ಇರುವುದು. ಆದರೆ ತೇವದಲ್ಲಿ ಬೇಗ ಕಪ್ಪುಗಟ್ಟಿ ಹುಳು ಹಿಡಿಯುವುದು. ಲಟ್ಟಣಿಗೆಯ ಮಣೆಗೆ, ಅಂದರೆ ಒಣಬಟ್ಟೆಯಿಂದ ಒರೆಸಿಡುವ ಸಾಮಾನಿಗೆ, ಅದು ಸಾಕು. ದಿನವೂ ತೊಳೆಯುವುದಕ್ಕೆ ಸಾಲದು. ರಬ್ಬರಿನ ಮರವು ಹಾಲು ಬತ್ತಿದ ಮೇಲೆ ಕಡಿದುದು. ಅದು ತಾನಾಗಿ ಬಾಳುವ ಮರವಲ್ಲ. ಬೊರಾಕ್ಸಿನ ಜಾತಿಯ ಲವಣಗಳನ್ನು ಒಳಗೆ ಹೊಗಿಸಿ ಅದನ್ನು ಕಾಯುವರು. ಈ ಲವಣಗಳು ನೀರಿನಲ್ಲಿ ಕರಗುವಂಥವು. ಕುರ್ಚಿ ಮೇಜುಗಳಿಗೆ ಇದು ಬಾಧಕವಲ್ಲ. ನೀರಿನಲ್ಲಿ ಮೀಯುವ ಸಾಮಾನಿಗೆ ಬಾಧಕ. ತೆಳುಹಾಳೆಗಳನ್ನು ಅಂಟಿಸಿದ ಪ್ಲೈವುಡ್ಡೂ, ಗುರುತಿಲ್ಲದ ಪೆಟ್ಟಿಗೆಯ ಹಲಗೆಯೂ ಅನ್ನಕ್ಕೆ ತಾಗಬಾರದು. ಕಣಗಿಲೆಯ ಕಡ್ಡಿಯನ್ನಂತೂ ಕಲಕುವುದಕ್ಕಾಗಲಿ, ಕಬಾಬಿನ ಕಡ್ಡಿಯಾಗಿಯಾಗಲಿ ಎಂದಿಗೂ ಬಳಸಬಾರದು. ಆ ಗಿಡದ ಸರ್ವಾಂಗವೂ ವಿಷ.

ಜಾತಿ ಗೊತ್ತಾದ ಮೇಲೆ ಅಂಗಡಿಯಲ್ಲಿ ಎರಡು ಪರೀಕ್ಷೆಗಳನ್ನು ಮಾಡಬಹುದು. ಮೊದಲನೆಯದು, ಹಲಗೆಯ ಕೊನೆಯನ್ನು ನೋಡುವುದು. ವರ್ಷವಲಯದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಅದು ಬಾಗುವುದು ಕಡಿಮೆ. ಬಿಲ್ಲಿನಂತೆ ಮಲಗಿದ್ದರೆ ಹೆಚ್ಚು. ಎರಡನೆಯದು, ಬರಿಗಣ್ಣಿಗೆ ಕಾಣುವ ರಂಧ್ರಗಳು ಎಷ್ಟು ದೊಡ್ಡವೆಂದು ನೋಡುವುದು. ಸೂಜಿಯ ಮೊನೆಯಷ್ಟು ತೂತುಗಳುಳ್ಳ ಮರದಲ್ಲಿ ಹಿಟ್ಟೂ ಅರಿಶಿನವೂ ಹೊಕ್ಕು ಕೂರುವುವು. ಸಟ್ಟುಗಕ್ಕೆ ಮತ್ತೊಂದು ಪರೀಕ್ಷೆಯುಂಟು: ಎಳೆಗಳು ಹಿಡಿಯಿಂದ ಬಾಯಿಯವರೆಗೆ ಉದ್ದಕ್ಕೆ ಹರಿದಿರಬೇಕು. ಅಡ್ಡಲಾಗಿ ಹರಿದುದು ರಾಗಿಯ ಹಿಟ್ಟನ್ನು ತೊಳಸುವ ಭರಕ್ಕೆ ಒಂದು ದಿನ ಮುರಿಯುವುದು.

ಈಗ ಲೇಪದ ಮಾತು. ಲೇಪಗಳಲ್ಲಿ ಎರಡು ಕುಲಗಳು. ಒಂದು ಮರದ ಮೇಲೆ ಪೊರೆಯಾಗಿ ನಿಲ್ಲುವುದು. ಇನ್ನೊಂದು ಮರದ ಒಳಕ್ಕೆ ಇಳಿಯುವುದು. ಮೆರುಗೆಣ್ಣೆ, ಬಣ್ಣ, ಪಾಲಿಯುರೆಥೇನು, ಅರಗು, ಇವು ಮೊದಲನೆಯ ಕುಲಕ್ಕೆ ಸೇರಿದುವು. ಪೊರೆಯು ಅಖಂಡವಾಗಿರುವವರೆಗೆ ಒಳ್ಳೆಯ ಕಾವಲುಗಾರ. ಊಟದ ಮೇಜಿನ ಮೇಲೆ ಅದು ಹತ್ತು ವರ್ಷವಿರಬಹುದು. ಹೆಚ್ಚುವ ಮಣೆಯ ಮೇಲಾದರೆ ಮೊದಲ ದಿನವೇ ಚಾಕು ಅದನ್ನು ಕೊಯ್ಯುವುದು. ಮರಿಗೆಯ ಒಳಗಾದರೆ ಕೆಳಗಿನ ಮರವು ಹಿಗ್ಗಿ ಕುಗ್ಗುವಾಗ ಗಡುಸಾದ ಪೊರೆಯು ಅದರೊಡನೆ ಹೋಗಲಾರದೆ ಸೀಳುವುದು. ಆ ಕೂದಲೆಳೆಯ ಗೆರೆಯಿಂದ ನೀರು ಒಳಕ್ಕೆ ಇಳಿಯುವುದು ಸುಲಭ. ಮೇಲೆಲ್ಲಾ ಮುಚ್ಚಿರುವುದರಿಂದ ಹೊರಕ್ಕೆ ಬರುವುದು ಕಷ್ಟ. ಕಾವಲುಗಾರನು ಕಳ್ಳನನ್ನು ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡಂತೆ ಆಗುವುದು. ನಮ್ಮ ಮರಿಗೆಗೆ ಆದುದು ಇದೇ. ಡಬ್ಬಿಯ ಮೇಲಿನ ಮಾತು ಸುಳ್ಳಾಗಿರಲಿಲ್ಲ. ಅದು ಹೇಳಿದುದು ಮೆರುಗೆಣ್ಣೆಯ ವಿಷಯವನ್ನು, ಮರದ ವಿಷಯವನ್ನಲ್ಲ.

ಚನ್ನಪಟ್ಟಣದ ಅರಗಿನ ಕೆಲಸವನ್ನು ಮೆಚ್ಚದವರಾರು? ಆಲೆಯ ಮರವನ್ನು ಚರಕಿಗೆ ಕೊಟ್ಟು ತಿರುಗಿಸಿ, ತಿರುಗುವ ಬಿಸಿಗೇ ಅರಗು ಕರಗಿ ಹತ್ತುವಂತೆ ಮಾಡುವ ಆ ಕೌಶಲ ನಮ್ಮ ನಾಡಿನ ಹೆಮ್ಮೆ. ಅರಗು ವಿಷವಲ್ಲ, ಔಷಧದ ಗುಳಿಗೆಗಳ ಮೇಲೆಯೂ ಮಿಠಾಯಿಗಳ ಮೇಲೆಯೂ ಅದನ್ನು ಬಳಿಯುವರು. ಆದರೆ ಅದು ಬಿಸಿಗೆ ಮೆದುವಾಗುವುದು, ಬಹಳ ಹೊತ್ತು ನೀರು ನಿಂತರೆ ಬೆಳ್ಳಗಾಗುವುದು, ಸೋಡದಂಥ ಕ್ಷಾರಕ್ಕೆ ಕರಗುವುದು. ಅರಗಿನ ಡಬ್ಬಿಯಲ್ಲಿ ಒಣಗಿದ ಏಲಕ್ಕಿಯನ್ನಿಡಿರಿ. ಅರಗಿನ ಸಟ್ಟುಗವನ್ನು ಕುದಿಯುವ ಸಾರಿಗೆ ಇಳಿಸಬೇಡಿರಿ. ಬಣ್ಣ ಬಳಿದ ಹಳೆಯ ಸಾಮಾನುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಹಿಂದಿನ ಬಣ್ಣಗಳಲ್ಲಿ ಸೀಸವನ್ನು ಬೆರೆಸುವುದು ವಾಡಿಕೆಯಾಗಿತ್ತು. ಗೃಹೋಪಯೋಗದ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ.

ಎರಡನೆಯ ಕುಲವು ಎಣ್ಣೆ ಮತ್ತು ಮೇಣ. ಇವು ನೀರನ್ನು ಪೂರ್ತಿ ತಡೆಯಲಾರವು. ನಾಳಗಳ ಬಾಯಿಯನ್ನು ತುಂಬಿ ನೀರಿನ ಬರವನ್ನು ನಿಧಾನಗೊಳಿಸುವುವು, ಹೋಗುವುದನ್ನು ಹೆಚ್ಚು ತಡೆಯವು. ಸವೆದರೆ ಸಿಪ್ಪೆಯೇಳುವುದಿಲ್ಲ, ಮೇಲೆ ಮತ್ತಷ್ಟು ಸವರಿದರೆ ಸಾಕು. ಈ ಕಾರಣದಿಂದ ನೀರು ಕಾಣುವ ಸಾಮಾನಿಗೆ ಎಣ್ಣೆಯೇ ಯೋಗ್ಯವೆಂದು ನಮ್ಮ ಅಭಿಪ್ರಾಯ.

ಎಣ್ಣೆಗಳಲ್ಲಿಯೂ ಭೇದವುಂಟು. ಅಗಸೆ, ಟಂಗ್, ಅಕ್ರೋಟು, ಇವುಗಳ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿಯಾಗುವುದು. ಕಡಲೆಕಾಯಿಯ ಎಣ್ಣೆಯು ಹಾಗೆ ಒಣಗದು. ಮರದೊಳಗೆ ಜಿಡ್ಡಾಗಿಯೇ ಉಳಿದು, ಕಾಲಾಂತರದಲ್ಲಿ ಕಮಟು ವಾಸನೆಗೆ ಬರುವುದು. ಕೊಬ್ಬರಿ ಎಣ್ಣೆಯೂ ಒಣಗದು, ಆದರೆ ಕಮಟುವುದು ಬಹಳ ನಿಧಾನ. ಹಳ್ಳಿಯ ಮನೆಗಳಲ್ಲಿ ಅದನ್ನೇ ಸವರುವುದಕ್ಕೆ ಇದು ತಕ್ಕ ಕಾರಣ. ಹೊಂಗೆಯ ಎಣ್ಣೆಯು ಬಂಡಿಯ ಅಚ್ಚಿಗಾಗಲಿ. ಅನ್ನದ ಪಾತ್ರೆಗೆ ಬೇಡ. ಔಷಧದ ಅಂಗಡಿಯಲ್ಲಿ ದೊರೆಯುವ ಶುದ್ಧವಾದ ಲಿಕ್ವಿಡ್ ಪ್ಯಾರಫಿನ್ ಎಂಬ ಖನಿಜತೈಲವು ಒಣಗುವುದೂ ಇಲ್ಲ, ಕಮಟುವುದೂ ಇಲ್ಲ. ಪಟ್ಟಣದ ಗೃಹಿಣಿಯರಿಗೆ ಇದೇ ಸುಲಭವಾದುದು. ಇದರ ನಾಲ್ಕು ಭಾಗಕ್ಕೆ ಒಂದು ಭಾಗ ಜೇನುಮೇಣವನ್ನು ತೂಗಿ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಿದರೆ ಮುಲಾಮಿನಂಥ ಒಳ್ಳೆಯ ಲೇಪವಾಗುವುದು. ಉರಿಯ ಮೇಲೆ ನೇರವಾಗಿ ಇಡಬಾರದು.

ಅಗಸೆ ಎಣ್ಣೆಯನ್ನು ಬಳಸುವವರಿಗೆ ಎರಡು ಎಚ್ಚರಿಕೆಗಳು. ಬಣ್ಣದ ಅಂಗಡಿಯಲ್ಲಿ ‘ಕುದಿಸಿದ ಅಗಸೆ ಎಣ್ಣೆ’ ಎಂದು ಮಾರುವುದರಲ್ಲಿ, ಬೇಗ ಒಣಗಲೆಂದು, ಕೋಬಾಲ್ಟು, ಮ್ಯಾಂಗನೀಸು ಮೊದಲಾದ ಲೋಹಗಳ ಲವಣಗಳನ್ನು ಬೆರೆಸಿರುವರು; ಅಡಿಗೆಯ ಸಾಮಾನಿಗೆ ತಿನ್ನಲು ಯೋಗ್ಯವಾದ ಹಸಿಯ ಎಣ್ಣೆಯನ್ನೇ ತರಬೇಕು, ಅದು ಪೂರ್ತಿ ಗಟ್ಟಿಯಾಗಲು ಹಲವು ವಾರ ಕಾಯಬೇಕು. ಎರಡನೆಯದು ಪ್ರಾಣದ ಮಾತು. ಅಗಸೆ ಎಣ್ಣೆಯಲ್ಲಿ ತೊಯ್ದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಎಣ್ಣೆಯು ಒಣಗುವಾಗ ಹುಟ್ಟುವ ಬಿಸಿಯು ಹೊರಬೀಳದೆ ಕೂಡಿಕೊಂಡು, ಯಾರೂ ಕಿಡಿ ಹಚ್ಚದೆಯೇ ಬೆಂಕಿ ಹತ್ತಬಹುದು. ಚಿಂದಿಯನ್ನು ನೀರಿನಲ್ಲಿ ನೆನೆಸಿಡಬೇಕು, ಇಲ್ಲವೆ ಬಯಲಿನಲ್ಲಿ ಬಿಡಿಸಿ ಒಣಹಾಕಬೇಕು.

ಹಚ್ಚುವ ಕ್ರಮವನ್ನು ಹೇಳುವೆವು. ಹೊಸ ಸಟ್ಟುಗವನ್ನು ನಯವಾದ ಉಜ್ಜುಕಾಗದದಿಂದ ಉಜ್ಜಿ, ನೀರಿನಲ್ಲಿ ಅದ್ದಿ ಒಣಗಿಸಿರಿ. ಎಳೆಗಳು ಮುಳ್ಳಿನಂತೆ ಏಳುವುವು; ಮತ್ತೆ ಉಜ್ಜಿರಿ. ಎರಡು ಬಾರಿ ಹೀಗೆ ಮಾಡಿದರೆ ಮುಂದೆ ನೀರು ತಾಗಿದರೂ ಮೈ ಒರಟಾಗದು. ಪೂರ್ತಿ ಒಣಗಿದ ಮೇಲೆ ಎಣ್ಣೆಯನ್ನು ತುಸು ಬೆಚ್ಚಗೆ ಮಾಡಿ ಧಾರಾಳವಾಗಿ ಸವರಿರಿ. ಕೊಯ್ದ ತುದಿಗಳಿಗೆ ಮತ್ತೆ ಮತ್ತೆ, ಅವು ಕುಡಿಯುವುದನ್ನು ನಿಲ್ಲಿಸುವವರೆಗೂ ಸವರಿರಿ. ಒಂದು ರಾತ್ರಿ ಬಿಟ್ಟು ಉಳಿದುದನ್ನು ಒರೆಸಿರಿ. ಮೊದಲ ವಾರ ಮೂರು ನಾಲ್ಕು ಬಾರಿ. ಬಳಿಕ ತಿಂಗಳಿಗೊಮ್ಮೆ, ಅಥವಾ ಚಿಮುಕಿಸಿದ ನೀರು ಮಣಿಯಾಗಿ ನಿಲ್ಲದೆ ಮರಕ್ಕೆ ಇಂಗಿದಾಗಲೆಲ್ಲ. ಎಣ್ಣೆ ಹಚ್ಚಬೇಕಾದ ದಿನವನ್ನು ಆ ಹನಿಯೇ ತಿಳಿಸುವುದು.

ಮರದ ಮಣೆಯು ಅಶುಚಿಯೆಂದು ಹೇಳಿ ಪ್ಲಾಸ್ಟಿಕ್ಕಿನದನ್ನು ತರುವವರು ಹಲವರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಡೀನ್ ಕ್ಲೈವರ್ ಎಂಬ ಪಂಡಿತರೂ ಅವರ ಸಹೋದ್ಯೋಗಿಗಳೂ ಇದನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದರು. ಮರದ ಮೇಲೆ ಹಾಕಿದ ರೋಗಾಣುಗಳು ಅದರ ಒಳಕ್ಕೆ ಸೆಳೆಯಲ್ಪಟ್ಟು, ಅಲ್ಲಿ ವೃದ್ಧಿಯಾಗದೆ ಕ್ರಮೇಣ ಸತ್ತುವು. ಚಾಕುವಿನ ಗಾಯಗಳಾದ ಪ್ಲಾಸ್ಟಿಕ್ಕಿನಲ್ಲಾದರೆ ಗಾಯಗಳಲ್ಲಿ ಅಡಗಿ, ತೊಳೆದರೂ ಉಳಿದುವು. ಇದರಿಂದ ಮರವನ್ನು ತೊಳೆಯದಿರಬಹುದೆಂದು ಅರ್ಥವಲ್ಲ. ಹಸಿಯ ಮಾಂಸಕ್ಕೆ ಬೇರೆ ಮಣೆಯೇ ಇರಲಿ. ಮಣೆಯನ್ನು ಬಿಸಿನೀರು, ಸಾಬೂನುಗಳಿಂದ ಉಜ್ಜಿ ಬೇಗ ತೊಳೆಯಿರಿ. ವಾಸನೆ ಹಿಡಿದರೆ ಉಪ್ಪು ಮತ್ತು ನಿಂಬೆಯ ಹೋಳಿನಿಂದ ತಿಕ್ಕಿರಿ. ಪಾತ್ರೆಗಳ ರಾಶಿಯೊಡನೆ ತೊಟ್ಟಿಯಲ್ಲಿ ನೆನೆಯಲು ಬಿಡಬೇಡಿರಿ. ಪಾತ್ರೆ ತೊಳೆಯುವ ಯಂತ್ರಕ್ಕಂತೂ ಹಾಕಬೇಡಿರಿ, ಏಕೆಂದರೆ ಅದರ ಬಿಸಿನೀರೂ ಬಿಸಿಗಾಳಿಯೂ ಮರವನ್ನು ಒಂದೇ ಗಂಟೆಯಲ್ಲಿ ಹಿಗ್ಗಿಸಿ ಕುಗ್ಗಿಸುವುವು. ಸುಡುಬಿಸಿಲಿನಲ್ಲಿ ಒಣಗಿಸುವುದೂ ಬೇಡ. ನೆರಳೂ ಗಾಳಿಯೂ ಇರುವೆಡೆ ಸಾಕು. ಮಣೆಯನ್ನು ಅಂಚಿನ ಮೇಲೆ ನಿಲ್ಲಿಸಿರಿ, ಸಟ್ಟುಗವನ್ನು ತೂಗುಹಾಕಿರಿ, ಮರಿಗೆಯನ್ನು ಬೋರಲು ಹಾಕಿ, ಅಂಚಿನ ಕೆಳಗೆ ಗಾಳಿಯಾಡುವಂತೆ ಒಂದು ಕಡ್ಡಿಯನ್ನು ಕೊಡಿರಿ.

ಮಹನೀಯರೆ, ಹೇಳಿದುದನ್ನು ಸಂಗ್ರಹಿಸುವುದಾದರೆ ಇಷ್ಟೆ. ಒಳ್ಳೆಯ ಮರದ ಚೇಗು ಅಡಿಗೆಯ ಸಾಮಾನಿಗೆ ಅರ್ಧ ಆಯುಸ್ಸನ್ನು ಕೊಡುವುದು. ಎಣ್ಣೆಯು ಸ್ವಲ್ಪವನ್ನು ಕೂಡಿಸುವುದು. ಉಳಿದುದನ್ನು ಕೊಡುವುದು ದಿನವೂ ಒಣಗಿಸಿಡುವ ಕೈ. ಆ ಕೈಗೆ ಬದಲಾಗಿ ನಿಲ್ಲುವ ಲೇಪವು ಯಾವ ಡಬ್ಬಿಯಲ್ಲಿಯೂ ಇಲ್ಲ. ನಮ್ಮ ತಾಯಿಯವರಿಗೆ ನಾಳಗಳ ವಿಷಯವಾಗಲಿ, ಶೇಕಡಾವಾರು ಲೆಕ್ಕವಾಗಲಿ ತಿಳಿದಿರಲಿಲ್ಲ, ಮಾಡಬೇಕಾದುದು ತಿಳಿದಿತ್ತು. ಅದನ್ನು ಅವರಿಂದ ಕೇಳಿಕೊಳ್ಳುವುದಕ್ಕೆ ಬದಲಾಗಿ ನಾವು ಡಬ್ಬಿಯನ್ನು ಓದಿದೆವು.

ಮರಿಗೆಯ ಅಂಚಿನ ಒಂದು ಭಾಗ ಇನ್ನೂ ಗಟ್ಟಿಯಾಗಿತ್ತು. ಬಡಗಿಯು ಅದರಿಂದ ಎರಡು ಸಟ್ಟುಗಗಳನ್ನು ಮಾಡಿಕೊಟ್ಟನು. ಒಂದು ನಮ್ಮ ಮನೆಯಲ್ಲಿದೆ. ಇನ್ನೊಂದನ್ನು ತಾಯಿಯವರಿಗೆ ಕಳುಹಿಸಿದೆವು. ಅವರು ಅದಕ್ಕೆ ಕೊಬ್ಬರಿ ಎಣ್ಣೆಯನ್ನು ಸವರಿ ಗೋಡೆಯ ಮೊಳೆಗೆ ತೂಗುಹಾಕಿದರೆಂದು ತಿಳಿದು ನಮಗೆ ಸಮಾಧಾನವಾಯಿತು.

ಇಂದು ರಾತ್ರಿ ಊಟವಾಗಿ ಪಾತ್ರೆಗಳನ್ನು ತೊಳೆದ ಮೇಲೆ, ನಿಮ್ಮ ಮನೆಯ ಮಣೆಯು ಮಲಗಿದೆಯೋ ನಿಂತಿದೆಯೋ ಎಂಬುದನ್ನು ತಾವು ಒಮ್ಮೆ ನೋಡಬೇಕೆಂದು ಬೇಡಿಕೊಂಡು, ಈ ಮಾತನ್ನು ಮುಗಿಸುವೆವು.